ಗೋಡೆ ನಡುಗಿದರೆ ಯಾರ ಬಾಗಿಲು ಬಡಿಯಬೇಕು?

ದೇವನಕೊಂಡ: ಕರ್ನೂಲು–ಬಳ್ಳಾರಿ ರಸ್ತೆಯ ಲಾರಿಗಳ ಸದ್ದಿಗೆ ಈ ಸೀಮೆಯ ಜನ ಎಂದೋ ಒಗ್ಗಿಹೋಗಿದ್ದಾರೆ. ಒಗ್ಗಲಾಗದ ಸದ್ದುಗಳು ಬೇರೆಯೇ ಇವೆ. ಒಂದೇ ಗೋಡೆಯ ಆಚೆ ಕಡೆ ಬೆಳಗಿನ ಜಾವವೇ ಶುರುವಾಗುವ ಹಿಟ್ಟಿನ ಗಿರಣಿ. ಮದುವೆ, ಮೆರವಣಿಗೆ ಎಂದು ನಡುರಾತ್ರಿ ತನಕ ಎದೆ ಗುದ್ದುವ ಡಿಜೆ. ಊರಾಚೆ ಗುಡ್ಡದಲ್ಲಿ ಕಲ್ಲಿಗೆ ತೂತು ಹೊಡೆದು ಮದ್ದು ಸಿಡಿಸಿದಾಗ ಗೂಡಿನೊಳಗಿನ ಸ್ಟೀಲ್ ತಟ್ಟೆಗಳು ತಾವಾಗಿಯೇ ಝಣಝಣ ಎನ್ನುವುದು. ಇಂಥ ಹೊತ್ತಿನಲ್ಲಿ ಹಳ್ಳಿ ಮನೆಗಳಲ್ಲಿ ಹುಟ್ಟುವ ಪ್ರಶ್ನೆ ಒಂದೇ: ‘ಹೇಳೋದು ಯಾರಿಗೆ, ಕೇಳೋರು ಯಾರು?’

ಕೇಳುವವರು ಇದ್ದಾರೆ. ಆದರೆ ಒಂದೇ ಕಚೇರಿಯಲ್ಲಿಲ್ಲ, ನಾಲ್ಕಾರು ಕಡೆ ಹಂಚಿಹೋಗಿದ್ದಾರೆ. ಯಾವ ಸದ್ದಿಗೆ ಯಾವ ಬಾಗಿಲು ಎಂಬುದು ತಿಳಿಯದೆ ಪೊಲೀಸ್ ಠಾಣೆಯಿಂದ ಎಂಆರ್‌ಒ ಕಚೇರಿಗೆ, ಅಲ್ಲಿಂದ ಪಂಚಾಯಿತಿಗೆ ತಿರುಗಿ ಸುಸ್ತಾಗಿ ಸುಮ್ಮನಾಗುವವರೇ ಹೆಚ್ಚು.

ಸದ್ದು, ಕಂಪನ ಎಂದರೆ ಬರೀ ನಿದ್ದೆ ಕೆಡಿಸುವ ಕಿರಿಕಿರಿ ಎಂದು ತಳ್ಳಿಹಾಕುವಂತಿಲ್ಲ ಎಂಬುದನ್ನು ಈ ಭಾಗದ ಜನರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ದೇವನಕೊಂಡ ಮಂಡಲವೂ ಸೇರಿದ ಆಲೂರು ವಿಧಾನಸಭಾ ಕ್ಷೇತ್ರದಲ್ಲೇ ಹತ್ತಿಬೆಳಗಲ್ ಇದೆ. 2018ರ ಆಗಸ್ಟ್ 3ರ ರಾತ್ರಿ ಅಲ್ಲಿನ ಕಲ್ಲು ಕ್ವಾರಿಯಲ್ಲಿ ಸ್ಫೋಟಕ ಸಿಡಿದು ಕನಿಷ್ಠ 10 ಮಂದಿ ಕಾರ್ಮಿಕರು ಸತ್ತರು. ಹೊಟ್ಟೆಪಾಡಿಗಾಗಿ ಒಡಿಶಾ ಕಡೆಯಿಂದ ಬಂದವರು ಅವರಲ್ಲಿದ್ದರು. ಆ ರಾತ್ರಿಯ ಸದ್ದು ಸುತ್ತಲ ಹಳ್ಳಿಗಳಿಗೆಲ್ಲ ಕೇಳಿಸಿತ್ತು. ಅದಾದ ಎರಡೂವರೆ ವರ್ಷಕ್ಕೆ, 2021ರ ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲಿ ಜಲ್ಲಿ ಕ್ರಷರ್ ಬಳಿ ಸ್ಫೋಟಕ ಸಿಡಿದಾಗ ಜನ ಭೂಕಂಪವೆಂದೇ ತಿಳಿದು ಮನೆ ಬಿಟ್ಟು ಬೀದಿಗೆ ಬಂದಿದ್ದರು. ಪಕ್ಕದ ಜಿಲ್ಲೆಗಳಲ್ಲೂ ನೆಲ ಅದುರಿದ ಅನುಭವವಾಗಿತ್ತು. ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಅಂಥದ್ದೇ ದುರಂತ.

ದೊಡ್ಡ ಅನಾಹುತವಾದರೆ ಮಂತ್ರಿಗಳು ಬರುತ್ತಾರೆ, ಪರಿಹಾರದ ಘೋಷಣೆಯಾಗುತ್ತದೆ. ಆದರೆ ದಿನಾ ಒಂದೊಂದು ಮದ್ದು ಸಿಡಿದು ವರ್ಷಕ್ಕೊಂದು ಬೆರಳಗಲ ಬಿರಿಯುವ ಮಣ್ಣಿನ ಗೋಡೆಯ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ತೊಲೆ–ಜಂತೆ ಹಾಕಿ ಮಣ್ಣು ಮುಚ್ಚಿದ ಮಾಳಿಗೆ ಮನೆಗಳವರಿಗೆ ಇದು ಜೀವದ ಪ್ರಶ್ನೆ. ಜಂತೆ ಕೂತಿರುವ ಗೋಡೆ ಸಡಿಲವಾದರೆ ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ.

ಗಿರಣಿ ಪಕ್ಕದ ಮನೆ

ಮೊದಲು ಚಿಕ್ಕದರಿಂದ ನೋಡೋಣ. ಪಕ್ಕದ ಮನೆಯ ಗಿರಣಿ, ವೆಲ್ಡಿಂಗ್ ಅಂಗಡಿ, ಹತ್ತಿ ಜಿನ್ನಿಂಗ್ ಮಿಲ್ಲು. ‘ಅವರು ಲೈಸೆನ್ಸ್ ತಗೊಂಡವರೆ, ನಾವೇನು ಮಾಡಾಕ ಬರ್ತದೆ?’ ಎಂಬುದು ಸಾಮಾನ್ಯ ಮಾತು. ಈ ಮಾತು ತಪ್ಪು. ಅದು ತಪ್ಪೆಂದು ನ್ಯಾಯಾಲಯಗಳು ಹೇಳಿ ಅರ್ಧ ಶತಮಾನವೇ ಕಳೆದಿದೆ.

ದತ್ತಾಮಲ್ ಚಿರಂಜಿಲಾಲ್ ವಿರುದ್ಧ ಲಾಡ್ಲಿ ಪ್ರಸಾದ್ ಎಂಬ ಮೊಕದ್ದಮೆಯ ತೀರ್ಪು 1960ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಅಲಹಾಬಾದ್ ಹೈಕೋರ್ಟಿನ ತೀರ್ಪು ಅದು. ಬಜಾರಿನ ನಡುವಿನ ಒಂದು ಮನೆ, ಅದಕ್ಕೆ ಅಂಟಿಕೊಂಡಂತೆ ಕರೆಂಟಿನ ಹಿಟ್ಟಿನ ಗಿರಣಿ. ಗಿರಣಿ ತಿರುಗಿದರೆ ಸದ್ದಷ್ಟೇ ಅಲ್ಲ, ಮನೆಯೂ ನಡುಗುತ್ತಿತ್ತು. ಹಗಲು ಕೆಲಸ ಮಾಡಲಾಗದು, ರಾತ್ರಿ ಕಣ್ಣು ಮುಚ್ಚಲಾಗದು ಎಂದು ಮನೆಯವರು ಕೋರ್ಟಿಗೆ ಹೋದರು. ಬಜಾರು ಎಂದ ಮೇಲೆ ಸದ್ದು ಇದ್ದೇ ಇರುತ್ತದೆ ಎಂಬ ಮಾತು ಗಿರಣಿಯನ್ನು ಉಳಿಸಲಿಲ್ಲ. ಸದ್ದೂ ನಡುಕವೂ ಸೇರಿ ಮನೆಮಂದಿಯ ಸಹಜ ಬದುಕನ್ನೇ ಕೆಡಿಸಿದರೆ ಅದು ಉಪದ್ರವ, ಅದಕ್ಕೆ ತಡೆಯಾಜ್ಞೆ ಕೊಡಬಹುದು ಎಂದು ನ್ಯಾಯಾಲಯ ಹೇಳಿತು.

ಅದೇ ಹೈಕೋರ್ಟಿನ ಮುಂದೆ ಬಂದ, 1978ರ ವರದಿಗಳಲ್ಲಿರುವ ರಾಧೇಶ್ಯಾಮ್ ಪ್ರಕರಣ ಇನ್ನೂ ಸ್ವಾರಸ್ಯದ್ದು. ಮೇಲಂತಸ್ತಿನಲ್ಲಿ ಸಂಸಾರ, ಕೆಳಗೆ ಗಿರಣಿ ಹಾಕುವ ತಯಾರಿ. ಮೊದಲೇ ಗದ್ದಲದ ಜಾಗ. ಅಂಥ ಕಡೆಯೂ ಇರುವ ಸದ್ದಿನ ಮೇಲೆ ಇನ್ನಷ್ಟು ಸದ್ದನ್ನು ಗಣನೀಯವಾಗಿ ಹೇರಿದರೆ ಅದು ಉಪದ್ರವವೇ ಎಂದು ತಡೆಯಾಜ್ಞೆ ಸಿಕ್ಕಿತು. ಆದವಾನಿಯ ಹತ್ತಿ ಮಿಲ್ಲುಗಳ ಆಸುಪಾಸಿನಲ್ಲಿರುವವರು ಮುಸ್ತಫಾಬಾದ್ ಜಿನ್ನಿಂಗ್ ಕಾರ್ಖಾನೆಯ ಪ್ರಕರಣವನ್ನು ನೆನಪಿಟ್ಟುಕೊಳ್ಳಬಹುದು. 1968ರ ವರದಿಗಳಲ್ಲಿರುವ ಪಂಜಾಬ್–ಹರಿಯಾಣ ಹೈಕೋರ್ಟಿನ ತೀರ್ಪು ಅದು. ಸದ್ದು ಮಿತಿ ಮೀರಿ ಉಪದ್ರವದ ಮಟ್ಟ ಮುಟ್ಟಿದ ಮೇಲೆ ‘ನಾನು ಮಾಡುತ್ತಿರುವುದು ಕಾನೂನುಬದ್ಧ ವ್ಯಾಪಾರ’ ಎಂಬ ಸಮರ್ಥನೆ ನಡೆಯದು ಎಂಬುದೇ ಅದರ ತಿರುಳು.

ಇಂಥ ದಾವೆಗೆ ವಕೀಲರು ಇಡುವ ಹೆಸರು ಖಾಸಗಿ ಉಪದ್ರವದ ದಾವೆ. ಹಾಕುವುದು ಸಿವಿಲ್ ನ್ಯಾಯಾಲಯದಲ್ಲಿ. ಕೇಳಬಹುದಾದದ್ದು ಎರಡು: ಸದ್ದು ನಿಲ್ಲಿಸಲು ಶಾಶ್ವತ ತಡೆಯಾಜ್ಞೆ, ಆದ ನಷ್ಟಕ್ಕೆ ಪರಿಹಾರ. ದಾವೆ ತೀರಲು ವರ್ಷಗಳು ಹಿಡಿಯುತ್ತವಲ್ಲ ಎಂದು ಹೆದರುವವರಿಗೆ ತಾತ್ಕಾಲಿಕ ತಡೆಯಾಜ್ಞೆಯ ದಾರಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಅಡಿ ದಾವೆಯ ಜೊತೆಗೇ ಅದಕ್ಕೆ ಅರ್ಜಿ ಹಾಕುತ್ತಾರೆ. ನಿಜವಾದ ಹೋರಾಟ ನಡೆಯುವುದು ಈ ಅರ್ಜಿಯ ಮೇಲೆಯೇ.

ಆದರೆ ನ್ಯಾಯಾಲಯ ನೋಡುವುದು ಸಾಮಾನ್ಯ ಮನುಷ್ಯನ ಕಿವಿಯನ್ನು. ಮದುವೆ ಮನೆಯಲ್ಲಿ ಒಂದು ದಿನ ವಾದ್ಯ ಬಾರಿಸಿದ್ದಕ್ಕೆ, ಪಕ್ಕದವರು ಮನೆ ಕಟ್ಟುವಾಗ ಎರಡು ತಿಂಗಳು ಸುತ್ತಿಗೆ ಹೊಡೆದಿದ್ದಕ್ಕೆ ದಾವೆ ನಿಲ್ಲುವುದು ಕಷ್ಟ. ದಿನಾ ಇರಬೇಕು, ತೀವ್ರವಾಗಿರಬೇಕು, ಯಾರೇ ಆ ಮನೆಯಲ್ಲಿದ್ದರೂ ಸಹಿಸಲಾಗದಂತಿರಬೇಕು. ‘ಗಿರಣಿ ಮೊದಲು ಬಂದದ್ದು, ನೀವು ಆಮೇಲೆ ಮನೆ ಕಟ್ಟಿದಿರಿ’ ಎಂಬ ವಾದಕ್ಕೆ ನ್ಯಾಯಾಲಯಗಳು ಹೆಚ್ಚು ಬೆಲೆ ಕೊಡುವುದಿಲ್ಲ. ಆದರೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದು ಕೊನೆಗೆ ಎಚ್ಚೆತ್ತವರಿಗೆ ಎದುರು ಪಕ್ಷದ ವಕೀಲರು ಕಷ್ಟ ಕೊಡದೆ ಬಿಡುವುದಿಲ್ಲ. ಪರಿಹಾರ ಕೇಳುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ ಎಂಬುದೂ ನೆನಪಿರಲಿ.

ಡೆಸಿಬಲ್ ಲೆಕ್ಕ

ಡಿಜೆ, ಮೈಕು, ಜನರೇಟರಿನ ಮಾತು ಬೇರೆ. ಇವುಗಳಿಗೆ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000 ಇವೆ. ಕೇಂದ್ರದ ನಿಯಮಗಳಾದ್ದರಿಂದ ದೇವನಕೊಂಡದಲ್ಲಿದ್ದರೂ, ಕಾಸರಗೋಡಿನಲ್ಲಿದ್ದರೂ, ಅಕ್ಕಲಕೋಟೆಯಲ್ಲಿದ್ದರೂ ಲೆಕ್ಕ ಒಂದೇ. ಜನ ವಾಸಿಸುವ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45. ವ್ಯಾಪಾರ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಗುರುತಿಸಿದ ನಿಶ್ಶಬ್ದ ವಲಯದಲ್ಲಿ 50 ಮತ್ತು 40.

ಎದುರುಬದುರು ಕೂತು ಇಬ್ಬರು ಮಾತಾಡಿದರೆ ಸುಮಾರು 60 ಡೆಸಿಬಲ್ ಆಗುತ್ತದೆ. ಡೆಸಿಬಲ್ಲಿನ ಲೆಕ್ಕ ಸೇರು–ಪಾವಿನ ಲೆಕ್ಕದಂತಲ್ಲ. 10 ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಕೇಳುತ್ತದೆ. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಾದರೆ ಯಾರು ಬೇಕಾದರೂ ದೂರು ಕೊಡಬಹುದು ಎನ್ನುತ್ತದೆ 7ನೇ ನಿಯಮ. ರಾತ್ರಿಯ ನಿರ್ಬಂಧವನ್ನು ಮುರಿದಿದ್ದರೆ ಈ 10ರ ಲೆಕ್ಕವೂ ಬೇಕಿಲ್ಲ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು. ರಾತ್ರಿ 10ರ ಮೇಲೆ ಬಯಲಲ್ಲಿ ಬಳಸುವಂತಿಲ್ಲ. ಜಾತ್ರೆ, ಹಬ್ಬಗಳಿಗೆಂದು ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಾತ್ರ ಮಧ್ಯರಾತ್ರಿ 12ರ ವರೆಗೆ ಸಡಿಲಿಕೆ ಕೊಡಬಹುದು. ಈ ಸಡಿಲಿಕೆಯನ್ನೂ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿತ್ತು. 2005ರ ಅಕ್ಟೋಬರಿನಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದಕ್ಕೂ ಮೊದಲು ಅದೇ ವರ್ಷದ ಜುಲೈ 18ರಂದು ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರಿದ್ದ ಪೀಠ ಕೊಟ್ಟ ತೀರ್ಪೇ ಇಂದಿಗೂ ಶಬ್ದದ ಪ್ರಕರಣಗಳಿಗೆ ಬುನಾದಿ. ಧ್ವನಿವರ್ಧಕದ ಅಬ್ಬರದಲ್ಲಿ ಅತ್ಯಾಚಾರಕ್ಕೀಡಾದ 13 ವರ್ಷದ ಬಾಲಕಿಯ ಕೂಗು ಯಾರಿಗೂ ಕೇಳಿಸದೆ ಹೋದ ಘಟನೆಯಿಂದ ನೊಂದ ಎಂಜಿನಿಯರ್ ಒಬ್ಬರು ಹಾಕಿದ ಅರ್ಜಿ ಅದು. ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ನೆಮ್ಮದಿಯಾಗಿರುವ ಹಕ್ಕೂ ಸೇರಿದೆ, ಮಾತನಾಡುವ ಸ್ವಾತಂತ್ರ್ಯ ಇದೆಯೆಂದು ಕೇಳಲೊಲ್ಲದವರ ಕಿವಿಗೆ ಯಾರೂ ಸದ್ದು ತುರುಕುವಂತಿಲ್ಲ ಎಂದು ಪೀಠ ಸ್ಪಷ್ಟಪಡಿಸಿತು. ಬೇರೆಯವರ ಶಾಂತಿ ಕೆಡಿಸುವ ಮೈಕು ಪ್ರಾರ್ಥನೆಯ ಭಾಗವಲ್ಲ ಎಂದು 2000ದಲ್ಲೇ ಚರ್ಚ್ ಆಫ್ ಗಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಗುಡಿ, ಮಸೀದಿ, ಚರ್ಚು ಎಲ್ಲಕ್ಕೂ ಅದೇ ಅಳತೆ.

ದೂರು ಯಾರಿಗೆ? ಇಲ್ಲೇ ಹೆಚ್ಚಿನವರು ಎಡವುವುದು. ನಿಯಮಗಳು ಹೇಳುವ ‘ಪ್ರಾಧಿಕಾರ’ ಎಂದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್ ಅಥವಾ ಡಿಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಆ ರಾತ್ರಿಯ ಸದ್ದು ಆ ರಾತ್ರಿಯೇ ನಿಲ್ಲಬೇಕೆಂದರೆ 112ಕ್ಕೆ ಫೋನು ಮಾಡಬೇಕು. ಆದರೆ ದಿನಾ ಬರುವ ಸದ್ದಿನ ದೂರನ್ನು ಠಾಣೆಯ ಜೊತೆಗೆ ಡಿಎಸ್‌ಪಿ ಹೆಸರಿಗೂ ಬರೆದು, ಮುಟ್ಟಿದ ರಸೀದಿ ಇಟ್ಟುಕೊಳ್ಳಬೇಕು. 8ನೇ ನಿಯಮದಡಿ ಸದ್ದು ನಿಲ್ಲಿಸುವಂತೆ ಲಿಖಿತ ಆದೇಶ ಕೊಡುವ ಅಧಿಕಾರ ಇರುವುದು ಅವರಿಗೆ. ನಿಯಮ ಮುರಿದವರಿಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲು ಐದು ವರ್ಷದ ತನಕ ಜೈಲು ಎಂದಿತ್ತು. ಜನವಿಶ್ವಾಸ ಕಾಯ್ದೆ ಬಂದ ಮೇಲೆ, 2024ರ ಏಪ್ರಿಲ್‌ನಿಂದ, ಜೈಲು ಹೋಗಿ 10 ಸಾವಿರದಿಂದ 15 ಲಕ್ಷ ರೂಪಾಯಿ ತನಕ ದಂಡ ಎಂದಾಗಿದೆ. ಹಳೆಯ ಪುಸ್ತಕ ನೋಡಿ ಅರ್ಜಿ ಬರೆಯುವವರು ಈ ಬದಲಾವಣೆ ಗಮನಿಸಬೇಕು.

ಇಡೀ ಓಣಿಗೇ ತೊಂದರೆಯಾದರೆ

ಒಂದು ಮನೆಗಲ್ಲ, ಇಡೀ ಓಣಿಗೆ ತೊಂದರೆ ಎಂದಾಗ ದಾರಿ ಇನ್ನೊಂದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ. ಜನರ ಆರೋಗ್ಯಕ್ಕೆ, ದೈಹಿಕ ನೆಮ್ಮದಿಗೆ ಕೇಡು ಮಾಡುವ ಕಸುಬನ್ನು ನಿಲ್ಲಿಸಿ ಅಥವಾ ನಿಯಂತ್ರಿಸಿ ಎಂದು ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರು ಷರತ್ತಿನ ಆದೇಶ ಹೊರಡಿಸಬಹುದು. ಎದುರಿನವರು ಬಂದು ಕಾರಣ ಹೇಳಬೇಕು. ತುರ್ತಿದ್ದರೆ ವಿಚಾರಣೆ ಮುಗಿಯುವ ಮೊದಲೇ ತಡೆ ಕೊಡಲೂ ಅವಕಾಶವಿದೆ. ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ಮಾತು ಸೇರಿದೆ: ಈ ವಿಚಾರಣೆ 90 ದಿನದಲ್ಲಿ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 120 ದಿನದಲ್ಲಿ ಮುಗಿಯಬೇಕು.

ಈ ಕಲಮಿಗೆ ಹಲ್ಲು ಬಂದದ್ದು 1980ರ ರತ್ಲಾಮ್ ಪುರಸಭೆಯ ಪ್ರಕರಣದಿಂದ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಲ್ಲಿ ಇದ್ದದ್ದು ಚರಂಡಿ, ಗಬ್ಬುನಾತದ ಸಮಸ್ಯೆ. ಆದರೆ ಉಪದ್ರವ ಇದೆ ಎಂದು ಕಂಡ ಮೇಲೆ ಮ್ಯಾಜಿಸ್ಟ್ರೇಟರು ಕೈಕಟ್ಟಿ ಕೂರುವಂತಿಲ್ಲ ಎಂಬ ಅದರ ಮಾತು ಸದ್ದಿಗೂ ಅನ್ವಯಿಸುತ್ತದೆ.

ದೇವನಕೊಂಡದವರು ಇದಕ್ಕಾಗಿ ಆದವಾನಿಗೆ ಹೋಗಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ಪತ್ತಿಕೊಂಡ ಪ್ರತ್ಯೇಕ ಕಂದಾಯ ವಿಭಾಗವಾದ ಮೇಲೆ ಈ ಮಂಡಲ ಪತ್ತಿಕೊಂಡ ಆರ್‌ಡಿಒ ವ್ಯಾಪ್ತಿಗೆ ಬರುತ್ತದೆ. ಹತ್ತಾರು ಮನೆಯವರು ಸಹಿ, ಹೆಬ್ಬೆಟ್ಟು ಹಾಕಿದ ಒಂದೇ ಅರ್ಜಿಗೆ ಇರುವ ತೂಕ ಒಬ್ಬರ ಅರ್ಜಿಗಿಲ್ಲ. ಒಂದೇ ಮನೆಯ ಜಗಳವಾದರೆ ‘ಸಿವಿಲ್ ಕೋರ್ಟಿಗೆ ಹೋಗಿ’ ಎಂದು ಕಳಿಸುತ್ತಾರೆ, ಅದು ಸರಿಯೂ ಹೌದು. ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ ಸಾರ್ವಜನಿಕ ಉಪದ್ರವಕ್ಕೆ ಸಾವಿರ ರೂಪಾಯಿ ತನಕ ದಂಡವಿದೆ. ಹಿಂದೆ 200 ಇತ್ತು. ಕ್ರಷರ್ ಯಜಮಾನರಿಗೆ ಅದು ಒಂದು ಹೊತ್ತಿನ ಡೀಸೆಲ್ ಖರ್ಚೂ ಅಲ್ಲ. ಹಾಗಾಗಿ ಅದೊಂದನ್ನೇ ನಂಬಿ ಕೂರುವುದರಲ್ಲಿ ಅರ್ಥವಿಲ್ಲ.

ಕ್ವಾರಿಯ ನಡುಕ

ಕಲ್ಲು ಕ್ವಾರಿಯ ವಿಷಯಕ್ಕೆ ಬಂದರೆ ಕಾನೂನು ಇನ್ನೂ ಬಿಗಿಯಾಗಿದೆ. ಬಿಗಿಯಾಗಿರುವುದು ಕಾಗದದಲ್ಲಿ ಎಂದು ಸೇರಿಸಬೇಕಾಗುತ್ತದೆ. ಸ್ಫೋಟಕ ಬಳಸುವ ಕ್ವಾರಿ 1952ರ ಗಣಿ ಕಾಯ್ದೆಯ ಅಡಿಗೆ ಬರುತ್ತದೆ. ಧನಬಾದಿನಲ್ಲಿ ಮುಖ್ಯ ಕಚೇರಿ ಇರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ 7ನೇ ತಾಂತ್ರಿಕ ಸುತ್ತೋಲೆ ಹೊರಡಿಸಿ, ಮದ್ದು ಸಿಡಿಸಿದಾಗ ಅಕ್ಕಪಕ್ಕದ ಮನೆ ಎಷ್ಟು ನಡುಗಬಹುದು ಎಂಬುದಕ್ಕೆ ಮಿತಿ ಹಾಕಿದೆ. ನೆಲದ ಕಣ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗುತ್ತದೆ ಎಂಬುದು ಅದರ ಅಳತೆ. ಕ್ವಾರಿ ಮಾಲೀಕರದ್ದಲ್ಲದ ವಾಸದ ಮನೆಗಳಿಗೆ, ಕಚ್ಚಾ ಮನೆಯೂ ಸೇರಿ, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ 5 ಮಿ.ಮೀ., 8ರಿಂದ 25ರ ತನಕ 10, ಅದಕ್ಕೂ ಮೇಲಾದರೆ 15. ಹಳೆಯ ಗುಡಿ, ಕೋಟೆಯಂಥ ಚಾರಿತ್ರಿಕ ಕಟ್ಟಡಗಳಿಗೆ 2, 5 ಮತ್ತು 10.

ನಿಧಾನವಾಗಿ ತೂಗಿದಂತೆ ಬರುವ ನಡುಕವೇ ಮನೆಗೆ ಹೆಚ್ಚು ಅಪಾಯ. ಅದಕ್ಕೇ ಕಡಿಮೆ ಆವರ್ತನಕ್ಕೆ ಮಿತಿಯೂ ಕಡಿಮೆ. ಒಂದೇ ಏಟಿಗೆ ಎಲ್ಲ ತೂತುಗಳ ಮದ್ದನ್ನೂ ಸಿಡಿಸದೆ, ನಡುವೆ ಕ್ಷಣದ ಅಂತರ ಕೊಟ್ಟು ಒಂದೊಂದಾಗಿ ಸಿಡಿಸಿದರೆ ನಡುಕ ಬಹಳಷ್ಟು ತಗ್ಗುತ್ತದೆ. ಅಂಥ ಡಿಟೋನೇಟರುಗಳು ಮಾರುಕಟ್ಟೆಯಲ್ಲಿವೆ. ಇದು ತಿಳಿಯದ ಕ್ವಾರಿಯವರು ಯಾರೂ ಇಲ್ಲ. ಖರ್ಚು ಎಂಬುದಷ್ಟೇ ಅಡ್ಡಿ.

ಕ್ವಾರಿ ನಡೆಸಲು ಗಣಿ ಇಲಾಖೆಯ ಲೀಸು ಒಂದೇ ಸಾಲದು. 2012ರ ದೀಪಕ್ ಕುಮಾರ್ ತೀರ್ಪಿನ ಮೇಲೆ 5 ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಸ್ಫೋಟಕಕ್ಕೆ ಬೇರೆ ಲೈಸೆನ್ಸ್. ಮದ್ದು ಯಾವ ಹೊತ್ತಿಗೆ ಸಿಡಿಸಬೇಕು, ನಡುಕವನ್ನು ಹೇಗೆ ತಗ್ಗಿಸಬೇಕು ಎಂಬಂಥ ಷರತ್ತುಗಳು ಸಾಮಾನ್ಯವಾಗಿ ಈ ಅನುಮತಿ ಪತ್ರದಲ್ಲೇ ಇರುತ್ತವೆ. ಷರತ್ತು ಪಾಲಿಸಿದ ವರದಿಯನ್ನು ಆರು ತಿಂಗಳಿಗೊಮ್ಮೆ ಕೊಡಬೇಕು. ಹಾಗಾಗಿ ಜಗಳಕ್ಕೆ ಇಳಿಯುವ ಮೊದಲು ಮಾಹಿತಿ ಹಕ್ಕಿನಡಿ ಈ ಕಾಗದಗಳನ್ನು ತರಿಸಿಕೊಳ್ಳುವುದು ಜಾಣತನ. ಆಂಧ್ರದಲ್ಲಿ ಗ್ರಾಮ ಮಟ್ಟದ ಕಚೇರಿಗೆ ಈ ಅರ್ಜಿ ಉಚಿತ, ಮಂಡಲ ಮಟ್ಟಕ್ಕೆ 5 ರೂಪಾಯಿ, ಅದರ ಮೇಲಿನವಕ್ಕೆ 10. 30 ದಿನದಲ್ಲಿ ಉತ್ತರ ಬರಬೇಕು. ಬಂದ ಕಾಗದ ಓದಿದಾಗ, ಕ್ವಾರಿ ನಡೆಯುತ್ತಿರುವುದು ಲೀಸಿನ ಗಡಿಯೊಳಗೋ ಹೊರಗೋ ಎಂಬ ಬೇರೆಯದೇ ಪ್ರಶ್ನೆ ಎದ್ದರೂ ಆಶ್ಚರ್ಯವಿಲ್ಲ.

ಮನೆಯಿಂದ ಕ್ವಾರಿ ಎಷ್ಟು ದೂರವಿರಬೇಕು ಎಂಬುದು ರಾಜ್ಯ ರಾಜ್ಯಕ್ಕೆ ಬೇರೆ. ಕೇರಳದಲ್ಲಿ 50 ಮೀಟರ್ ಸಾಕು ಎಂದಿದ್ದ ನಿಯಮವನ್ನು ಒಪ್ಪದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜುಲೈನಲ್ಲಿ ಮದ್ದು ಸಿಡಿಸುವ ಕ್ವಾರಿಗೆ 200 ಮೀಟರ್ ಎಂದಿತು. ತಮ್ಮ ಮಾತು ಕೇಳದೆ ಆದೇಶ ಮಾಡಲಾಗಿದೆ ಎಂದು ಕ್ವಾರಿಯವರು ಹೈಕೋರ್ಟ್, ಸುಪ್ರೀಂ ಕೋರ್ಟ್ ಹತ್ತಿದರು, ವಿಷಯ ಮತ್ತೆ ಮಂಡಳಿಗೆ ಬಂತು. ಕಾಸರಗೋಡಿನ ಕನ್ನಡ ಕುಟುಂಬಗಳು ಈ ಎಳೆದಾಟವನ್ನು ಹತ್ತಿರದಿಂದ ನೋಡಿವೆ. ಇತ್ತ ಕರ್ನಾಟಕದಲ್ಲಿ 2024ರ ಜನವರಿ 8ರಂದು ಹೈಕೋರ್ಟ್ ಕನ್ನಂಬಾಡಿ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಎಂದಿತು. ಅಣೆಕಟ್ಟೆಗೆ 20 ಕಿ.ಮೀ. ರಕ್ಷಣೆ ಸಿಕ್ಕಿತು, ಮನೆಗೆ 200 ಮೀಟರ್‌ಗಾಗಿ ಇಷ್ಟೆಲ್ಲ ಓಡಾಟ.

ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಆಂಧ್ರ, ಕರ್ನಾಟಕ, ಕೇರಳ, ತೆಲಂಗಾಣ, ತಮಿಳುನಾಡು ಎಲ್ಲವೂ ಅದರ ವ್ಯಾಪ್ತಿಯವೇ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ ಸಾವಿರ ರೂಪಾಯಿ. ಹಣ ಕೇಳಿದರೆ ಕೇಳಿದ ಮೊತ್ತದ ನೂರಕ್ಕೊಂದು ಪಾಲು, ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ. ಕಾಲಮಿತಿ ಮಾತ್ರ ಕಟ್ಟುನಿಟ್ಟು. ಕ್ವಾರಿ ನಿಲ್ಲಿಸಿ ಎಂಬ ತಕರಾರಿಗೆ ಆರು ತಿಂಗಳು, ಪರಿಹಾರಕ್ಕೆ ಐದು ವರ್ಷ. ಎರಡಕ್ಕೂ ಕಾರಣ ತೋರಿಸಿದರೆ 60 ದಿನ ಹೆಚ್ಚುವರಿ. ಅಪಘಾತದ ಪ್ರಕರಣವಾದರೆ ಕ್ವಾರಿಯವರ ತಪ್ಪು ಇಂಥದ್ದೇ ಎಂದು ಸಾಬೀತು ಮಾಡುವ ಹೊರೆ ನೊಂದವರ ಮೇಲಿಲ್ಲ. ತಪ್ಪಿರಲಿ ಬಿಡಲಿ ಹೊಣೆ ಅವರದೇ ಎಂಬ ತತ್ವವನ್ನು ಕಾಯ್ದೆಯಲ್ಲೇ ಬರೆಯಲಾಗಿದೆ.

ಬಿರುಕಿಗೆ ತಾರೀಕು

ಯಾವ ಬಾಗಿಲಿಗೆ ಹೋದರೂ ಕೇಳುವ ಮೊದಲ ಪ್ರಶ್ನೆ: ಬಿರುಕು ಮದ್ದಿನಿಂದಲೇ ಬಂತು ಎಂಬುದಕ್ಕೆ ಏನು ಆಧಾರ? ಈ ಸೀಮೆಯಲ್ಲಿ ಕ್ವಾರಿಯವರಿಗೆ ಒಂದು ಸುಲಭದ ಉತ್ತರ ಸಿದ್ಧವಿದೆ. ‘ಎರೆ ಭೂಮಿ ಸ್ವಾಮಿ, ಮಳೆಗಾಲದಾಗ ಉಬ್ತದೆ, ಬೇಸಿಗೆಯಾಗ ಬಿರೀತದೆ, ಗೋಡೆನೂ ಹಂಗೇ.’ ಮಾತು ಪೂರ್ತಿ ಸುಳ್ಳಲ್ಲ. ಎರೆ ಮಣ್ಣಿನ ಮೇಲೆ ಅಡಿಪಾಯ ಸರಿಯಿಲ್ಲದೆ ಕಟ್ಟಿದ ಮನೆ ತನ್ನಷ್ಟಕ್ಕೇ ಬಿರುಕು ಬಿಡುವುದುಂಟು. ಆದ್ದರಿಂದಲೇ ಬಿರುಕಿಗೆ ತಾರೀಕು ಬೇಕು.

ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟರೆ ಅದು ಬೆಳೆದದ್ದು ಕಾಣುತ್ತದೆ. ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸುವುದು ಎಂಜಿನಿಯರುಗಳ ಹಳೆಯ ಉಪಾಯ. ಗೋಡೆ ಸ್ವಲ್ಪ ಅಲುಗಿದರೂ ಗಾಜು ಒಡೆಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಮದ್ದು ಸಿಡಿದ ದಿನ, ಹೊತ್ತು, ಎಷ್ಟು ಸಲ, ಮನೆಯಲ್ಲಿ ಏನೇನು ಅಲುಗಿತು ಎಂದು ಬರೆಯುತ್ತಾ ಹೋಗಬೇಕು. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ತಪ್ಪದೆ ಮಾಡುತ್ತಾರೆ. ಕ್ವಾರಿ ಶುರುವಾಗುವ ಮೊದಲಿನ ಮನೆಯ ಫೋಟೋ ಯಾವುದಾದರೂ ಇದ್ದರೆ, ಗೃಹಪ್ರವೇಶದ್ದೋ ನಾಮಕರಣದ್ದೋ, ಹಿಂದೆ ಗೋಡೆ ಕಾಣುವಂಥದ್ದು, ಅದು ಬಂಗಾರ.

ಮೊಬೈಲಿನಲ್ಲಿ ತೆಗೆದ ವಿಡಿಯೋ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ತೆಗೆದ ಫೋನನ್ನು ಮಾರಿಬಿಡುವುದು, ಮೂಲ ಫೈಲು ಅಳಿಸುವುದು ಬೇಡ. ಮೊಬೈಲಿನ ಡೆಸಿಬಲ್ ಆ್ಯಪ್ ತೋರಿಸುವ ಅಂಕಿ ಒಂದು ಅಂದಾಜಷ್ಟೇ. ಅಧಿಕೃತ ಅಳತೆಗೆ ಕರ್ನೂಲಿನಲ್ಲಿರುವ ಆಂಧ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆಯಬೇಕು. ಸಿವಿಲ್ ದಾವೆಯಲ್ಲಾದರೆ ಸ್ಥಳ ಪರಿಶೀಲನೆಗೆ ಕಮಿಷನರನ್ನು ನೇಮಿಸಿ ಎಂದು ನ್ಯಾಯಾಲಯವನ್ನೇ ಕೇಳಬಹುದು.

ಗಡಿಯಾಚೆಯ ಮಾಲೀಕ, ಕನ್ನಡದ ಅರ್ಜಿ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಸದ್ದಿಗೆ ಆ ಗೆರೆ ಗೊತ್ತಿಲ್ಲ. ಕ್ವಾರಿ ಇಲ್ಲಿ, ಮಾಲೀಕರ ಮನೆ ಬಳ್ಳಾರಿಯಲ್ಲಿ ಎಂಬಂಥ ಪ್ರಸಂಗ ಬಂದರೆ ದಾವೆ ಎಲ್ಲಿ ಹಾಕುವುದು? ಮನೆ, ಜಮೀನಿಗೆ ಆದ ನಷ್ಟಕ್ಕೆ ಅವು ಇರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ದಾವೆ ಹಾಕಬಹುದು. ಬಳ್ಳಾರಿಗೆ ಬಸ್ಸು ಹತ್ತಬೇಕಿಲ್ಲ. ಸರಕಾರಿ ಇಲಾಖೆಯನ್ನೂ ಎದುರುದಾರರನ್ನಾಗಿ ಮಾಡುವುದಾದರೆ ಮಾತ್ರ ಎರಡು ತಿಂಗಳ ನೋಟಿಸ್ ಮೊದಲೇ ಕೊಡಬೇಕು.

ಭಾಷೆಯ ಅಳುಕು ಇನ್ನೊಂದು. ತೆಲುಗು ಮಾತಾಡಲು ಬಂದರೂ ಬರೆಯಲು ಬಾರದ ಹಿರಿಯರು ಇಲ್ಲಿನ ಕನ್ನಡ ಮನೆಗಳಲ್ಲಿ ಇದ್ದಾರೆ. ಸಂವಿಧಾನದ 350ನೇ ವಿಧಿ ಅಂಥವರಿಗಾಗಿಯೇ ಇದೆ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಅರ್ಜಿಯನ್ನು ವಾಪಸ್ ಕೊಡುವಂತಿಲ್ಲ. ಆದರೂ ಕೆಲಸ ಬೇಗ ಆಗಬೇಕೆಂದರೆ ಜೊತೆಗೊಂದು ತೆಲುಗು ಪ್ರತಿ ಲಗತ್ತಿಸುವುದು ಒಳ್ಳೆಯದು. ಹಕ್ಕು ಒಂದು ಕಡೆ, ಗುಮಾಸ್ತರ ಮೇಜು ಇನ್ನೊಂದು ಕಡೆ.

ಒಟ್ಟಾಗಿ ಕೂಗಿದರೆ ಕೇಳಿಸುತ್ತದೆ ಎಂಬುದಕ್ಕೆ ದೇವನಕೊಂಡ ಮಂಡಲದಲ್ಲೇ ಉದಾಹರಣೆ ಇದೆ. 2024ರಲ್ಲಿ ಕಪ್ಪಟ್ರಾಳ್ಲ ಮೀಸಲು ಅರಣ್ಯದಲ್ಲಿ ಯುರೇನಿಯಂ ಹುಡುಕಲು ಕೊಳವೆ ಕೊರೆಯುವ ಯೋಜನೆಯ ಸುದ್ದಿ ಬಂದಾಗ ಸುತ್ತಲ ಹಳ್ಳಿಗಳವರು ರಸ್ತೆಗಿಳಿದು ವಿರೋಧಿಸಿದರು. ಕೊನೆಗೆ ಅಧಿಕಾರಿಗಳೇ ಮುಂದೆ ಬಂದು ಸಮಾಧಾನ ಹೇಳಬೇಕಾಯಿತು. ಅಲ್ಲಿ ಜನ ಹೆದರಿದ್ದು ವಿಕಿರಣಕ್ಕೆ, ನೀರಿಗೆ. ಆದರೆ ಒಂದು ಊರಿನ ಸಹಿ ಹಾಗೂ ಹತ್ತು ಊರಿನ ಸಹಿಯ ನಡುವಿನ ವ್ಯತ್ಯಾಸ ಆಗ ಎಲ್ಲರಿಗೂ ಕಂಡಿತು.

ವಕೀಲರ ಫೀಸಿಗೆ ಹೆದರುವವರು ಕಾನೂನು ಸೇವಾ ಪ್ರಾಧಿಕಾರವನ್ನು ಮರೆಯಬಾರದು. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಕಡಿಮೆ ವರಮಾನದವರು ಎಲ್ಲರಿಗೂ 1987ರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ ವರಮಾನದ ಮಿತಿ ಇಲ್ಲ. ಹಗಲೆಲ್ಲ ಮನೆಯಲ್ಲಿದ್ದು ಸದ್ದು ಸಹಿಸುವವರು ಹೆಚ್ಚಾಗಿ ಅವರೇ. ಮನೆಯೊಡತಿಯ ಹೆಸರಲ್ಲೇ ಅರ್ಜಿ ಹೋದರೆ ನೆರವೂ ಸುಲಭ, ಸಾಕ್ಷಿಯೂ ಗಟ್ಟಿ. ಕಲೆಕ್ಟರ್ ಕಚೇರಿಯಲ್ಲಿ ಸೋಮವಾರಗಳಂದು ನಡೆಯುವ ಜನರ ಅಹವಾಲಿನ ವೇದಿಕೆಯಲ್ಲಿ ಕೊಟ್ಟ ಅರ್ಜಿಗೆ ನಂಬರು ಸಿಗುತ್ತದೆ. ಆ ನಂಬರನ್ನು ಜೋಪಾನ ಮಾಡಬೇಕು, ಮುಂದೆ ಎಲ್ಲಿಗೆ ಹೋದರೂ ‘ಮೊದಲೇ ಹೇಳಿದ್ದೆವು’ ಎಂಬುದಕ್ಕೆ ಅದೇ ಆಧಾರ.

ಗಿರಣಿಯಂಥ ಪ್ರಕರಣಗಳಿಗೆ ಲೋಕ ಅದಾಲತ್ ಒಳ್ಳೆಯ ಜಾಗ. ದಿನಬೆಳಗಾದರೆ ಮುಖ ನೋಡಬೇಕಾದ ನೆರೆಯವರ ನಡುವೆ ಗೆದ್ದವರು, ಸೋತವರು ಎಂದಾಗುವುದಕ್ಕಿಂತ ಅಲ್ಲಿ ರಾಜಿ ಆಗಬಹುದು. ನಡುಕ ಬರುವುದು ಯಂತ್ರ ಕೂತ ನೆಲ ಮತ್ತು ಅದು ತಾಗಿದ ಗೋಡೆಯಿಂದ. ಮೋಟರನ್ನು ನಡುಗೋಡೆಯಿಂದ ಒಂದು ಮಾರು ಈಚೆ ಸರಿಸಿ, ಅದಕ್ಕೆ ಬೇರೆಯೇ ಕಾಂಕ್ರೀಟ್ ಕಟ್ಟೆ ಹಾಕಿ, ಕೆಳಗೆ ದಪ್ಪ ರಬ್ಬರ್ ಹಾಸಿ, ಸಡಿಲವಾದ ಬೋಲ್ಟು, ಸವೆದ ಬೇರಿಂಗ್ ಬದಲಿಸಿದರೆ ಅರ್ಧಕ್ಕರ್ಧ ಜಗಳ ಮುಗಿಯುತ್ತದೆ. ಉಳಿದದ್ದಕ್ಕೆ ಬೆಳಿಗ್ಗೆ ಎಷ್ಟಕ್ಕೆ ಶುರು, ರಾತ್ರಿ ಎಷ್ಟಕ್ಕೆ ಬಂದ್ ಎಂದು ಹೊತ್ತು ಗೊತ್ತು ಮಾಡಿಕೊಳ್ಳಬಹುದು. ಹಾಗೆ ಬರೆದು ಸಹಿ ಹಾಕಿದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್ ಬರುತ್ತದೆ.